ಗಾಳದ ದಾರ, ಬಿರಡೆ ಮತ್ತು ನಾಲ್ಕು ತಂತಿ

ಯುಕುಲೇಲೆಗೆ ಇರುವುದು ನಾಲ್ಕೇ ತಂತಿ. ತಂತಿ ಎಂದು ಬಾಯಿಮಾತಿಗೆ ಕರೆಯುತ್ತೇವೆ, ಆದರೆ ಸಾಮಾನ್ಯ ಯುಕುಲೇಲೆಯಲ್ಲಿ ಒಂದೆಳೆ ಲೋಹವೂ ಇರುವುದಿಲ್ಲ. ಮೊದಲು ಅದು ಕುರಿಯ ಕರುಳಾಗಿತ್ತು. ಆಮೇಲೆ ನೈಲಾನ್ ಆಯಿತು. ಈಗೀಗ ಫ್ಲೋರೋಕಾರ್ಬನ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕು ಬಂದಿದೆ. ಈ ಮೂರರಲ್ಲಿ ಒಂದೂ ಸಂಗೀತಕ್ಕೆಂದು ಹುಟ್ಟಿದ್ದಲ್ಲ. ಒಂದು ಕಟುಕರ ಅಂಗಡಿಯಿಂದ ಬಂತು, ಇನ್ನೆರಡು ಮೀನು ಹಿಡಿಯುವವರ ಕೈ ದಾಟಿ ಬಂದವು. ಹಳೆಯ ತಂತಿ ಬಿಚ್ಚಿ ಹೊಸದನ್ನು ಬಿರಡೆಗೆ ಸುತ್ತುವುದು ಅರ್ಧ ಗಂಟೆಯ ಕೆಲಸ. ಅದರ ಹಿಂದಿರುವ ಚರಿತ್ರೆ ಮಾತ್ರ ಅಷ್ಟು ಬೇಗ ಬಿಚ್ಚಿಕೊಳ್ಳುವಂಥದ್ದಲ್ಲ.

ನಾನಿರುವುದು ಸದಾಶಿವಗಡದಲ್ಲಿ. ಕಾಳಿ ನದಿ ಸಮುದ್ರ ಸೇರುವಲ್ಲಿ ಉತ್ತರದ ದಂಡೆಯ ಗುಡ್ಡ ನಮ್ಮದು, ಆಚೆ ದಂಡೆಯಲ್ಲಿ ಕೋಡಿಬಾಗ, ಅದರಾಚೆ ಕಾರವಾರ. ನಡುವಿನ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಈಗ ಉಳಿದೊಂದು ಸೇತುವೆಯ ಮೇಲೆ ನಮ್ಮ ಓಡಾಟ. ಗುಡ್ಡದ ಮೇಲಿನ ಕೋಟೆಯನ್ನು ಸೋದೆಯ ಬಸವಲಿಂಗ ನಾಯಕ ಕಟ್ಟಿಸಿ ತಂದೆ ಸದಾಶಿವನ ಹೆಸರಿಟ್ಟ ಎನ್ನುತ್ತಾರೆ. 1752ರಲ್ಲಿ ಗೋವೆಯ ವೈಸರಾಯ್ ತಾವೊರಾದ ಮಾರ್ಕ್ವಿಸ್ ಅದನ್ನು ಹಿಡಿದ. ಪೋರ್ಚುಗೀಸರು ಕರೆಯುತ್ತಿದ್ದ ಹೆಸರು ಪೀರೋ. ಹನ್ನೊಂದು ವರ್ಷ ಅವರ ಬಾವುಟ ಇಲ್ಲಿತ್ತು, 1763ರಲ್ಲಿ ಹೈದರಾಲಿಯ ಸೇನೆ ಬಂದು ಅದನ್ನು ಇಳಿಸಿತು. ಸೋದೆಯ ಅರಸ ಗೋವೆಗೆ ಓಡಿಹೋಗಿ ಪೋರ್ಚುಗೀಸರ ಆಶ್ರಯದಲ್ಲೇ ಉಳಿದ. ಕೋಟೆಯನ್ನು ಕಿತ್ತುಕೊಂಡವರ ಮನೆಯಲ್ಲೇ ಕೋಟೆ ಕಟ್ಟಿದವರ ವಂಶದವ ಅತಿಥಿಯಾದ. ನಮ್ಮ ಕರಾವಳಿಯ ರಾಜಕೀಯ ಹೀಗೇ ಇತ್ತು.

ಪೋರ್ಚುಗೀಸರು ಎಂದೊಡನೆ ಪಾಠದ ಪುಸ್ತಕದಲ್ಲಿ ಕರಿಮೆಣಸು, ಫಿರಂಗಿ, ಇಗರ್ಜಿ ಬರುತ್ತವೆ. ಇನ್ನೂ ಸ್ವಲ್ಪ ಉದಾರವಾದ ಪುಸ್ತಕವಾದರೆ ಗೇರುಬೀಜ, ಒಣಮೆಣಸು. ಚಾವಿ, ಅಲಮಾರು, ಇಸ್ತ್ರಿ ಎಂಬ ಮಾತುಗಳು ಅವರಿಂದ ಬಂದವು ಎಂದು ಭಾಷೆಯ ಮೇಷ್ಟ್ರುಗಳು ಹೇಳಿಕೊಡುತ್ತಾರೆ. ಅವರ ಹಡಗಿನಲ್ಲಿ ಇನ್ನೊಂದು ಸಾಮಾನು ಊರೂರು ಸುತ್ತಿತು, ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಮೊಳದಷ್ಟುದ್ದದ, ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಾದ ಪುಟ್ಟ ಗಿಟಾರು. ಪೋರ್ಚುಗಲ್ಲಿನಲ್ಲಿ ಅದು ಕವಾಕಿನ್ಯೊ, ಮಡೈರಾ ದ್ವೀಪದಲ್ಲಿ ಮಷೇಟ್, ಬ್ರೆಜಿಲಿನಲ್ಲಿ ಮತ್ತೆ ಕವಾಕಿನ್ಯೊ. ಜಾವಾದಲ್ಲಿ ಅದರ ಸಂತಾನಕ್ಕೂ ಅದರ ಹಾಡಿಗೂ ಕ್ರೊಂಚೊಂಗ್ ಎಂದು ಹೆಸರು. ಜಾವಾದ ಕತೆ ನಮಗೆ ಹತ್ತಿರದ್ದು. ಇಂದಿನ ಜಕಾರ್ತಾದ ಪಕ್ಕದ ತುಗು ಎಂಬಲ್ಲಿ 1661ರಲ್ಲಿ ಡಚ್ಚರು ಒಂದಿಷ್ಟು ಜನರನ್ನು ನೆಲೆಗೊಳಿಸಿದರು. ಪೋರ್ಚುಗೀಸ್ ಮಾತಾಡುತ್ತಿದ್ದ, ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಈ ಮಾರ್ಡೈಕರ್ ಜನರ ಪೂರ್ವಿಕರಲ್ಲಿ ಎಷ್ಟೋ ಮಂದಿ ಭಾರತದ ಕರಾವಳಿಗಳಿಂದ ಸಾಗಿಸಲ್ಪಟ್ಟವರು. ಕ್ರೊಂಚೊಂಗ್ ಸಂಗೀತವನ್ನು ಇಂದಿಗೂ ತುಗುವಿನವರು ತಮ್ಮ ಆಸ್ತಿ ಎಂದೇ ಹಾಡುತ್ತಾರೆ.

ಯುಕುಲೇಲೆಯ ಕತೆ ಇದಕ್ಕಿಂತ ಹೊಸತು, ತಾರೀಖು ಸಹಿತ ಸಿಗುತ್ತದೆ. 1879ರ ಆಗಸ್ಟ್ 23ರಂದು ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಹೊನೊಲುಲು ಬಂದರಿಗೆ ಬಂತು. ಅದರಲ್ಲಿ ಮಡೈರಾದ ನಾನೂರಕ್ಕೂ ಹೆಚ್ಚು ಜನ, ಹವಾಯಿಯ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಬಂದ ಕೂಲಿಗಳು ಮತ್ತು ಅವರ ಸಂಸಾರಗಳು. ನಾಲ್ಕು ತಿಂಗಳ ಪ್ರಯಾಣ ಮುಗಿದ ಖುಷಿಗೆ ಜುವಾವ್ ಫರ್ನಾಂಡಿಸ್ ಎಂಬಾತ ಮಷೇಟ್ ನುಡಿಸಿ ಹಾಡಿದ ಎಂಬುದು ಹವಾಯಿಯಲ್ಲಿ ಎಲ್ಲರೂ ಹೇಳುವ ಮಾತು. ಅದೇ ಹಡಗಿನಲ್ಲಿ ಮೂವರು ಮರಗೆಲಸದವರಿದ್ದರು: ಮಾನುವೆಲ್ ನೂನೆಸ್, ಆಗುಸ್ತೊ ದಿಯಾಸ್, ಜೊಸೆ ದೊ ಎಸ್ಪಿರಿತೊ ಸಾಂತೊ. ಕಪಾಟು, ಮೇಜು ಮಾಡುವ ಕೈಗಳು ಅವು. ಕರಾರು ತೀರಿದ ಮೇಲೆ ಮೂವರೂ ಹೊನೊಲುಲುವಿನಲ್ಲಿ ಅಂಗಡಿ ಹಾಕಿ, ಅಲ್ಲಿನ ಕೋವಾ ಮರದಲ್ಲಿ ಮಷೇಟಿನ ಮೈಯನ್ನೂ ರಜಾವ್ ಎಂಬ ಇನ್ನೊಂದು ವಾದ್ಯದ ಶ್ರುತಿಯನ್ನೂ ಕೂಡಿಸಿ ಹೊಸದೊಂದನ್ನು ಮಾಡಿದರು. ಹವಾಯಿ ಮಾತಿನಲ್ಲಿ ಉಕು ಎಂದರೆ ಚಿಗಟ, ಲೇಲೆ ಎಂದರೆ ಜಿಗಿಯುವುದು. ರಾಜ ಕಲಾಕೌವಾ ಇದನ್ನು ಮೆಚ್ಚಿ ಅರಮನೆಗೆ ತಂದ. 1915ರ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದ ನಂತರ ಅಮೆರಿಕ ಹುಚ್ಚೆದ್ದು ಕೊಂಡಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದೇ 1879ರ ಮೇ 14ರಂದು, ಅದೇ ಪೆಸಿಫಿಕ್ ಸಾಗರದ ಫಿಜಿ ದ್ವೀಪಕ್ಕೆ ಲಿಯೊನಿಡಾಸ್ ಹಡಗು ಭಾರತದ ಮೊದಲ ಗಿರಮಿಟ್ ಕೂಲಿಗಳನ್ನು ಇಳಿಸಿತು. ಒಂದೇ ಬೇಸಗೆಯಲ್ಲಿ, ಒಂದೇ ಸಕ್ಕರೆಯ ಆಸೆಗೆ, ಎರಡು ದಿಕ್ಕಿನ ಬಡವರು ಒಂದೇ ಸಾಗರಕ್ಕೆ ಬಂದು ಬಿದ್ದರು. ಯುಕುಲೇಲೆಯನ್ನು ಬೀಚು, ಹೂವಿನ ಹಾರ, ರಜೆಯ ಮೋಜಿನ ವಾದ್ಯವೆಂದು ತೋರಿಸುವ ಜಾಹೀರಾತು ನೋಡಿದಾಗಲೆಲ್ಲ ನನಗೆ ಈ ಎರಡು ಹಡಗು ನೆನಪಾಗುತ್ತವೆ.

ನನ್ನ ಕೈಗೆ ಬಂದ ಯುಕುಲೇಲೆ ತಂಗಿಯ ಮಗಳದು. ಅವಳ ಅಪ್ಪನ ಅಪ್ಪ ಬೊಂಬಾಯಿಯಿಂದ ಹಡಗಿನ ಕೆಲಸಕ್ಕೆ ಹೋಗುತ್ತಿದ್ದವರು, ಯಾವುದೋ ಬಂದರಿನಲ್ಲಿ ಕೊಂಡು ತಂದದ್ದು. ಅವರು ತೀರಿಕೊಂಡ ಮೇಲೆ ಅಟ್ಟದ ಪೆಟ್ಟಿಗೆಯಲ್ಲಿ ಹಳದಿಗಟ್ಟಿ ಬಿದ್ದಿತ್ತು. ಅವಳು ಅದನ್ನು ದೊಡ್ಡ ಊರಿನ ಅಂಗಡಿಯೊಂದಕ್ಕೆ ಒಯ್ದಾಗ, ಇದಕ್ಕೆ ಖರ್ಚು ಮಾಡುವುದು ದಂಡ, ಹೊಸದು ಅಗ್ಗಕ್ಕೆ ಸಿಗುತ್ತದೆ ಎಂದರಂತೆ. 'ಮಾಮಾ, ಅಜ್ಜನ ಕೈ ತಾಗಿದ್ದು ಇದೊಂದೇ ಉಳಿದಿರೋದು' ಎಂದು ನನ್ನ ಮುಂದೆ ತಂದಿಟ್ಟಳು. ಒಂದು ತಂತಿ ತುಂಡಾಗಿತ್ತು, ಉಳಿದ ಮೂರು ಮುಟ್ಟಿದರೆ ಗಾಜಿನ ಹಾಗೆ ಬಿರುಸು. ಮರ ಮಾತ್ರ ಗಟ್ಟಿ ಇತ್ತು, ಎಲ್ಲೂ ಸೀಳಿರಲಿಲ್ಲ.

ಕರುಳಿನ ತಂತಿಯ ಕಾಲ ದೊಡ್ಡದು. ಕುರಿಯ ಕರುಳನ್ನು ತೊಳೆದು, ಹೆರೆದು, ಎಳೆ ಎಳೆಯಾಗಿ ಸೀಳಿ, ಹುರಿ ಹೊಸೆದು, ಎಳೆದು ಒಣಗಿಸುವುದು ಇಟಲಿಯಲ್ಲಿ ಕೆಲವು ಹಳ್ಳಿಗಳ ಕುಲಕಸುಬೇ ಆಗಿತ್ತು. ಪಿಟೀಲಿಗೂ ಗಿಟಾರಿಗೂ ಅದೇ. ನಮ್ಮ ಸಾರಂಗಿಯ ಮುಖ್ಯ ತಂತಿಗಳೂ ಕರುಳಿನವೇ. ಕಿರಾನಾ ಘರಾನೆಯ ಅಬ್ದುಲ್ ಕರೀಂ ಖಾನರು ಗಾಯನಕ್ಕೆ ಬರುವ ಮೊದಲು ನುಡಿಸುತ್ತಿದ್ದದ್ದು ಸಾರಂಗಿ. ಅವರ ಶಿಷ್ಯ ಸವಾಯಿ ಗಂಧರ್ವರಿಂದ ಧಾರವಾಡದ ಕಡೆ ಬೆಳೆದ ಗಾಯನವನ್ನು ನಾವು ಹೆಮ್ಮೆಯಿಂದ ಎಣಿಸುತ್ತೇವೆ, ಅದರ ಬೇರಿನಲ್ಲಿ ಕರುಳಿನ ವಾದ್ಯವೊಂದು ಇತ್ತೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ತಂತ್ರಿ ಎಂಬ ಸಂಸ್ಕೃತ ಪದದಿಂದ ಬಂದ ನಮ್ಮ 'ತಂತಿ' ಮೊದಲಿಗೆ ಲೋಹವನ್ನಷ್ಟೇ ಹೇಳುತ್ತಿರಲಿಲ್ಲ; ಎಳೆದು ಬಿಗಿದದ್ದು ಯಾವುದಾದರೂ ತಂತಿಯೇ. ಆಮೇಲೆ ಅದು ಬೇಲಿಯ ತಂತಿಯಾಯಿತು, ಕರೆಂಟಿನ ತಂತಿಯಾಯಿತು, ಸಾವಿನ ಸುದ್ದಿ ತರುವ ತಂತಿಯೂ ಆಯಿತು. ಆ ಕೊನೆಯದನ್ನು 2013ರಲ್ಲಿ ಸರ್ಕಾರ ನಿಲ್ಲಿಸಿತು. ನಾಲ್ಕು ತಂತಿ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಬೇಂದ್ರೆಯವರ 1964ರ ಸಂಕಲನ. ಅದರ ಹಿಂದೆ ನಿಂತಿರುವುದು ತಂಬೂರಿ. ಯುಕುಲೇಲೆಯ ನಾಲ್ಕು ಬೇರೆ ನಾಲ್ಕು, ಅದಕ್ಕೆ ಮುಂದೆ ಬರುತ್ತೇನೆ.

ಕರುಳು ತೇವಕ್ಕೆ ಆಗದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಆಷಾಢದಲ್ಲಿ ಉಪ್ಪಿನ ಭರಣಿಯೂ ನೀರಾಗುವ ಕಾರವಾರದಲ್ಲಿ ಅದರ ಪಾಡು ಊಹಿಸಬಹುದು. ಅದನ್ನು ಹಿಂದೆ ಸರಿಸಿದ್ದು ಮಾತ್ರ ಮಳೆಯಲ್ಲ, ಯುದ್ಧ. ಎರಡನೇ ಮಹಾಯುದ್ಧದಲ್ಲಿ ಗಾಯ ಹೊಲಿಯುವ ದಾರಕ್ಕೆ ಕರುಳೆಲ್ಲ ಆಸ್ಪತ್ರೆಗಳಿಗೆ ಹೋಯಿತು, ವಾದ್ಯಗಳಿಗೆ ಸಿಗದಾಯಿತು. ನೈಲಾನ್ ಆಗಿನ್ನೂ ಹೊಸತು. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೆಸ್ ಕರೋಥರ್ಸ್ ಅದನ್ನು ಮಾಡಿದ್ದು 1935ರಲ್ಲಿ. 1938ರಲ್ಲಿ ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ, 1940ರಲ್ಲಿ ಹೆಂಗಸರ ಕಾಲುಚೀಲವಾಗಿ ಅದು ಪೇಟೆಗೆ ಬಂತು. ನ್ಯೂಯಾರ್ಕಿನಲ್ಲಿದ್ದ ಡೆನ್ಮಾರ್ಕ್ ಮೂಲದ ಆಲ್ಬರ್ಟ್ ಅಗಸ್ಟೀನ್ ಎಂಬ ವಾದ್ಯ ಮಾಡುವವ ಸೈನ್ಯದ ಮಿಕ್ಕಿದ ಸರಕಿನ ಅಂಗಡಿಯಲ್ಲಿ ನೈಲಾನ್ ಎಳೆ ಕಂಡು ಅದರಿಂದ ಗಿಟಾರಿಗೆ ತಂತಿ ಮಾಡಲು ಹೊರಟ. ಆಂದ್ರೆಸ್ ಸೆಗೋವಿಯಾ ಅಂಥ ಮಹಾ ವಾದಕ ಅದನ್ನು ಕಟ್ಟಿ ನುಡಿಸಿದ ಮೇಲೆ, 1940ರ ದಶಕ ಮುಗಿಯುವ ಹೊತ್ತಿಗೆ ಗಿಟಾರಿನಿಂದ ಕರುಳು ಬಹುಮಟ್ಟಿಗೆ ಹೋಯಿತು. ಅಣ್ಣನ ಹಿಂದೆ ತಮ್ಮ ಹೋದ ಹಾಗೆ ಯುಕುಲೇಲೆಯೂ ಹೋಯಿತು. ಫ್ಲೋರೋಕಾರ್ಬನ್ನಿನ ಕತೆ ಇನ್ನೂ ನೇರ: ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಗಾಳದ ದಾರವೆಂದೇ ಅದನ್ನು ಮಾರಾಟಕ್ಕೆ ತಂದಿತು. ನೈಲಾನಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರ, ನೀರು ಹೀರುವುದಿಲ್ಲ, ನೀರೊಳಗೆ ಮೀನಿನ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಸಾಂದ್ರವಾದದ್ದರಿಂದ ಅದೇ ಸ್ವರಕ್ಕೆ, ಅದೇ ಬಿಗಿಗೆ ಇನ್ನಷ್ಟು ಸಣ್ಣ ಎಳೆ ಸಾಕು, ನಾದ ಚುರುಕು. ಇವತ್ತು ಬಣ್ಣದ ಲಕೋಟೆಯಲ್ಲಿ ದುಬಾರಿ ಬೆಲೆಗೆ ಮಾರುವ ಯುಕುಲೇಲೆ ತಂತಿಗಳಲ್ಲಿ ಎಷ್ಟೋ ಈ ಜಾತಿಯವು.

ಇದು ಬರೀ ಓದಿನ ಮಾತಾಗಿ ಉಳಿಯದ ಹಾಗೆ ಮಾಡಿದವರು ನೆರೆಮನೆಯ ಹಿರಿಯರು. ಖಾರ್ವಿ ಸಮಾಜದವರು, ಊರಿಗೆಲ್ಲ ದಾದಾ. ನಾನು ಜಗುಲಿಯ ಮೇಲೆ ವಾದ್ಯ ಹರಡಿಕೊಂಡು ಕೂತಿದ್ದಾಗ ಬಂದು, ಹಳೆಯ ತಂತಿಯ ತುಂಡನ್ನು ಉಗುರಿನಿಂದ ಕೆರೆದು, ಹಲ್ಲಿನಲ್ಲಿ ಕಚ್ಚಿ ನೋಡಿದರು.

'ಮಾಸ್ತರ್ರೆ, ಇದು ಗಾಳದ್ದೇ ದಾರ ಅಲ್ಲವೋ?'

'ಹೌದು ದಾದಾ, ಅದೇ ಜಾತಿ.'

'ಹಾಗಾದರೆ ಮಡಗಾಂವಿಗೆ ಯಾಕೆ ಹೋಗ್ತೀರಿ?'

ಮನೆಗೆ ಹೋಗಿ ಮೂರು ಸುರುಳಿ ತಂದರು. ಗಾಳದ ದಾರವನ್ನು ಮಿಲಿಮೀಟರ್ ಲೆಕ್ಕದಲ್ಲೇ ಮಾರುತ್ತಾರೆ, ಇದೊಂದು ಅನುಕೂಲ. ಸಣ್ಣ ಯುಕುಲೇಲೆಯ ಕೊನೆಯ ತಂತಿಗೆ ಅರ್ಧ ಮಿಲಿಮೀಟರಿಗಿಂತ ಚೂರು ದಪ್ಪದ ನೈಲಾನ್ ಎಳೆ ಒಪ್ಪುತ್ತದೆ, ಅದರ ಹಿಂದಿನದಕ್ಕೆ ಮುಕ್ಕಾಲು ಮಿಲಿಮೀಟರಿನ ಹತ್ತಿರ, ಎಲ್ಲಕ್ಕಿಂತ ತಗ್ಗಿನದಕ್ಕೆ ಇನ್ನೂ ದಪ್ಪ. ಉಕ್ಕಿನ ತಂತಿಯನ್ನು ಮಾತ್ರ ಯಾರೂ ಕಟ್ಟಬಾರದು. ಇಲ್ಲಿ ಒಂದೊಂದು ತಂತಿಯ ಎಳೆತ ಮೂರು ನಾಲ್ಕು ಕಿಲೋ ತೂಕದಷ್ಟು. ಗಿಟಾರಿನ ಉಕ್ಕು ಅದರ ಎರಡು ಮೂರು ಪಟ್ಟು ಎಳೆಯುತ್ತದೆ, ಕುದುರೆ ಕಿತ್ತು ಬರುತ್ತದೆ.

ಕುದುರೆ ಎಂದರೆ ತಂತಿ ಮಲಗುವ ಆಸರೆಯ ಮರ. ವೀಣೆಯಲ್ಲೂ ಅದು ಕುದುರೆ, ಹಿಂದಿಯಲ್ಲಿ ಘೋಡಿ, ಪೋರ್ಚುಗೀಸರಲ್ಲಿ ಕವಾಲೇತೆ, ಅಂದರೆ ಅದೂ ಪುಟ್ಟ ಕುದುರೆಯೇ. ಪರ್ಶಿಯನ್ನರು ಮಾತ್ರ ಖರಕ್ ಎಂದು ಅದನ್ನು ಕತ್ತೆಮರಿ ಮಾಡಿದರು. ಒಬ್ಬರನ್ನೊಬ್ಬರು ಕೇಳಿ ಇಟ್ಟ ಹೆಸರೋ, ಬೆನ್ನ ಮೇಲೆ ಭಾರ ಹೊತ್ತು ನಿಂತದ್ದನ್ನು ಕಂಡಾಗ ಎಲ್ಲರಿಗೂ ಹೊಳೆದದ್ದೋ, ನನಗಂತೂ ಎರಡನೆಯದೇ ಸರಿ ಎನ್ನಿಸುತ್ತದೆ.

ಕಟ್ಟುವ ಬಗೆ ಹೀಗೆ. ನಾಲ್ಕನ್ನೂ ಒಟ್ಟಿಗೆ ಬಿಚ್ಚುವುದಿಲ್ಲ. ಒಂದು ಬಿಚ್ಚಿ ಒಂದು ಕಟ್ಟಿದರೆ ಉಳಿದ ಮೂರರ ಸ್ವರ ಹೋಲಿಸಿ ನೋಡಲು ಸಿಗುತ್ತದೆ. ಈ ಹಳೆಯ ವಾದ್ಯದ ಕುದುರೆಯಲ್ಲಿ ಸೀಳುಗಂಡಿ ಇತ್ತು, ದಾರದ ತುದಿಗೆ ಗಂಟು ಹಾಕಿ ಗಂಡಿಗೆ ಸೇರಿಸಬೇಕು. ದಾದಾ ಗಂಟು ಬಿಗಿಯುವ ಮೊದಲು ಅದನ್ನು ಬಾಯಲ್ಲಿಟ್ಟು ಎಂಜಲು ಮಾಡಿದರು. ಒಣ ನೈಲಾನ್ ಬಿಗಿಯುವಾಗ ತಿಕ್ಕಿ ಬಿಸಿಯಾಗಿ ಅಲ್ಲೇ ಸೋಲುತ್ತದೆ. ದೊಡ್ಡ ಸುರಮಾಯಿ ಎಳೆದಾಗ ಕಡಿಯುವುದು ದಾರದ ನಡುವಲ್ಲಲ್ಲ, ಗಂಟಿನಲ್ಲಿ ಎಂದರು. ಆಮೇಲೆ ಬೀಡಿಯ ಕೆಂಡ ತಾಗಿಸಿ ತುದಿಯನ್ನು ಮಣಿಯಂತೆ ಉಂಡೆ ಮಾಡಿದರು, ಗಂಟು ಜಾರಿದರೂ ಮಣಿ ತಡೆಯುತ್ತದೆ. ಪರದೇಶದ ವಾದ್ಯ ರಿಪೇರಿಯವರೂ ಇದೇ ಉಪಾಯ ಮಾಡುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ.

ಇನ್ನೊಂದು ತುದಿ ಬಿರಡೆಗೆ. ಬಾಟಲಿಯ ಬಾಯಿಗೆ ಬಿಗಿಯುವುದೂ ಬಿರಡೆ, ವೀಣೆಯ ಕಿವಿ ಹಿಂಡುವುದೂ ಬಿರಡೆ. ಎರಡೂ ಕೆಲಸ ಮಾಡುವುದು ತಿಕ್ಕಾಟದಿಂದ. ಈಗಿನ ಯುಕುಲೇಲೆಗಳಲ್ಲಿ ಹಲ್ಲುಚಕ್ರದ ಬಿರಡೆ ಬರುತ್ತದೆ, ಹುಡುಗರು ಅದನ್ನು ಕೀ ಎನ್ನುತ್ತಾರೆ. ಹಿಡಿಕೆಯನ್ನು ಹದಿನಾಲ್ಕು ಸುತ್ತು ತಿರುವಿದರೆ ಗೂಟ ಒಂದು ಸುತ್ತು ತಿರುಗುತ್ತದೆ. ಅಜ್ಜನ ವಾದ್ಯದಲ್ಲಿದ್ದದ್ದು ಬರೀ ಮರದ ಬಿರಡೆ. ಕೈ ಎಷ್ಟು ತಿರುಗಿತೋ ಅಷ್ಟೇ, ಕೂದಲೆಳೆಯಷ್ಟು ಹೆಚ್ಚಾದರೆ ಸ್ವರ ಮೇಲಕ್ಕೆ ಹಾರುತ್ತದೆ. ಸೀಮೆಸುಣ್ಣ ಸವರಿ ಒತ್ತಿ ಕೂರಿಸಿದೆವು, ತಂಬೂರಿಯವರು ಮಾಡುವಂತೆಯೇ. ದಾರವನ್ನು ತೂತಿನಲ್ಲಿ ತೂರಿಸಿ ಎರಡು ಬೆರಳಗಲ ಸಡಿಲ ಬಿಡಬೇಕು. ಮೊದಲ ಸುತ್ತು ತುದಿಯ ಮೇಲೆ ಹಾಯಬೇಕು, ಉಳಿದವು ಅದರ ಕೆಳಗೆ. ಆಗ ದಾರ ತನ್ನನ್ನು ತಾನೇ ಕಚ್ಚಿಕೊಳ್ಳುತ್ತದೆ. ಸಣ್ಣ ಎಳೆಗೆ ಮೂರು ನಾಲ್ಕು ಸುತ್ತು, ದಪ್ಪದ್ದಕ್ಕೆ ಎರಡು ಸಾಕು. ಸುತ್ತುಗಳು ಒಂದರ ಪಕ್ಕ ಒಂದು ಮಲಗುತ್ತ ಹಲಗೆಯ ಕಡೆಗೆ ಇಳಿಯಬೇಕು. ಒಂದರ ಮೇಲೊಂದು ಏರಿದರೆ ನುಡಿಸುವಾಗ ಜಾರಿ ಶ್ರುತಿ ಕೆಡುತ್ತದೆ. ದೋಣಿಯ ಹಗ್ಗವನ್ನು ಗೂಟಕ್ಕೆ ಹಾಕುವುದೂ ಹೀಗೇ, ಇದರಲ್ಲಿ ಹೊಸದೇನಿದೆ ಎಂಬುದು ದಾದಾ ಅವರ ಪ್ರಶ್ನೆ.

ಹೊಸ ನೈಲಾನ್ ಒಂದೇ ದಿನಕ್ಕೆ ನಿಲ್ಲುವುದಿಲ್ಲ. ಎಳೆತಕ್ಕೆ ಉದ್ದವಾಗುತ್ತ ಹೋಗುತ್ತದೆ, ಸ್ವರ ಇಳಿಯುತ್ತದೆ, ಮತ್ತೆ ಏರಿಸಬೇಕು. ನಡುವೆ ಬೆರಳು ತೂರಿಸಿ ಮೆಲ್ಲಗೆ ಎಳೆದೆಳೆದು ಬಿಟ್ಟರೆ ಬೇಗ ಹದಕ್ಕೆ ಬರುತ್ತದೆ, ಆದರೂ ಮೂರು ನಾಲ್ಕು ದಿನ ಬೇಕೇ ಬೇಕು. ಶ್ರುತಿಯೂ ನಮ್ಮ ಕಿವಿಗೆ ವಿಚಿತ್ರ. ನುಡಿಸುವವರ ಮೂಗಿಗೆ ಹತ್ತಿರದ ಮೊದಲ ತಂತಿ ಎಲ್ಲಕ್ಕಿಂತ ತಗ್ಗಿನದಿರಬೇಕು ಎಂದು ಗಿಟಾರು ಕಲಿತವರು ಎಣಿಸುತ್ತಾರೆ. ಇಲ್ಲಿ ಅದು ಎರಡನೆಯದಕ್ಕಿಂತ, ಮೂರನೆಯದಕ್ಕಿಂತ ಮೇಲಿನ ಸ್ವರ. ಎರಡನೆಯದನ್ನು ಷಡ್ಜ ಮಾಡಿಕೊಂಡರೆ ಕ್ರಮ ಪ, ಸ, ಗ, ದ ಎಂದಾಗುತ್ತದೆ. ತಂಬೂರಿಯೂ ಪಂಚಮದಿಂದಲೇ ಶುರುವಾಗುತ್ತದಲ್ಲ ಎಂದು ಖುಷಿಪಡುವಂತಿಲ್ಲ, ತಂಬೂರಿಯ ಪ ಕೆಳಗಿನದು, ಇದರದು ಮೇಲಿನದು. ಆ ಜಿಗಿತವೇ ಯುಕುಲೇಲೆಯ ಚಿಗಟ. ಮಡೈರಾದ ರಜಾವ್ ವಾದ್ಯದಿಂದ ಉಳಿದು ಬಂದದ್ದು ಇದೇ. ಮರ ಬದಲಾಯಿತು, ಹೆಸರು ಬದಲಾಯಿತು, ತಂತಿಯಂತೂ ಎರಡು ಸಲ ಬದಲಾಯಿತು, ಈ ಅಡ್ಡಾದಿಡ್ಡಿ ಕ್ರಮ ಉಳಿಯಿತು.

ವಾದ್ಯವೆಂದರೆ ಅದರ ಅಸಲಿ ಸಾಮಗ್ರಿ ಎಂದು ವಾದಿಸುವವರಿದ್ದಾರೆ, ಕರುಳೇ ಶುದ್ಧ, ಪ್ಲಾಸ್ಟಿಕ್ಕು ಕೃತಕ ಎನ್ನುತ್ತಾರೆ. ನಮ್ಮಲ್ಲೂ ಆಕಾಶವಾಣಿ ಹಾರ್ಮೋನಿಯಮ್ಮನ್ನು ಪರಕೀಯವೆಂದು 1940ರಿಂದ ಮೂರು ದಶಕ ಹೊರಗಿಟ್ಟಿತ್ತು, ಅದೇ ಹೊತ್ತಿಗೆ ಪರಕೀಯವಾದ ಪಿಟೀಲು ಒಳಗೆ ಹಾಯಾಗಿತ್ತು. ಮಿರಜಿನಲ್ಲಿ ಹತ್ತೊಂಬತ್ತನೇ ಶತಮಾನದ ನಡುವೆ ಸಿತಾರು, ತಂಬೂರಿ ಮಾಡಲು ಶುರುಮಾಡಿದ ಫರೀದಸಾಹೇಬರು ಶಿಕಲಗಾರ ಸಮಾಜದವರು, ಅಂದರೆ ಕತ್ತಿ ಸಾಣೆ ಹಿಡಿಯುವವರು. ಕತ್ತಿಗೆ ಗಿರಾಕಿ ಕಡಿಮೆಯಾದಾಗ ಆ ಕೈಗಳು ಕುಂಬಳದ ಬುರುಡೆ ಹಿಡಿದವು. ಹೊನೊಲುಲುವಿನಲ್ಲಿ ಕಪಾಟು ಮಾಡುವವರು, ಮಿರಜಿನಲ್ಲಿ ಸಾಣೆಯವರು, ಜಪಾನಿನಲ್ಲಿ ಗಾಳದ ದಾರದವರು: ಪಕ್ಕದ ಕಸುಬಿನವರು ಬಾಗಿಲು ತೆರೆಯದಿದ್ದರೆ ಯಾವ ವಾದ್ಯವೂ ಈವರೆಗೆ ಬಾಳುತ್ತಿರಲಿಲ್ಲ ಎಂದು ನನ್ನ ಎಣಿಕೆ.

ನೈಲಾನಿಗೆ ಆರತಿ ಎತ್ತುವುದೂ ನನ್ನ ಉದ್ದೇಶವಲ್ಲ. ದಾದಾ ಚಿಕ್ಕವರಿದ್ದಾಗ ಇಲ್ಲಿ ರಂಪಣಿ ಎಳೆಯುತ್ತಿದ್ದರು. ಹತ್ತಿ, ಸೆಣಬಿನ ದಾರದ ಉದ್ದುದ್ದ ಬಲೆ, ಎರಡೂ ತುದಿಗೆ ಊರಿಗೆ ಊರೇ ನಿಂತು ದಡಕ್ಕೆ ಎಳೆಯುವುದು, ಬಂಗಡೆ, ತಾರ್ಲೆ ಬಂದರೆ ಎಳೆದವರಿಗೆಲ್ಲ ಪಾಲು. ಬಲೆ ಕೊಳೆಯದಂತೆ ಮರದ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸಬೇಕಿತ್ತು, ಅದೇ ಒಂದು ಹಬ್ಬದಂಥ ಕೆಲಸ. ನೈಲಾನ್ ಬಂದು ಆ ಕೆಲಸ ತಪ್ಪಿಸಿತು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು ರಂಪಣಿಯನ್ನೇ ಮೂಲೆಗೆ ತಳ್ಳಿದವು, ಅದಕ್ಕಾಗಿ ಕರಾವಳಿಯುದ್ದಕ್ಕೂ ಜಗಳಗಳಾದವು. ಕೊಳೆಯದ ಬಲೆ ಈಗ ಹರಿದ ಮೇಲೂ ಸಮುದ್ರದಲ್ಲಿ ಮೀನು ಹಿಡಿಯುತ್ತಲೇ ಇರುತ್ತದೆ, ಯಾರಿಗೂ ಬೇಡದ ಮೀನು. ನಾವು ಕತ್ತರಿಸಿದ ತಂತಿಯ ಚೂರುಗಳನ್ನು ದಾದಾ ಒಂದೂ ಬಿಡದೆ ಆರಿಸಿ ಕಾಗದದಲ್ಲಿ ಸುತ್ತಿಕೊಂಡರು. ಹಿತ್ತಲಿನ ಕೋಳಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ ಎಂದರು.

ಇದೇ ಜಿಲ್ಲೆಯ ಅಂಕೋಲೆಯ ಹಾಲಕ್ಕಿಗಳ ಗುಮಟೆಗೂ ಗೋವೆಯ ಘುಮಟ್ಟಿಗೂ ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಉಡವನ್ನು ಕೊಲ್ಲುವುದನ್ನು ಅಪರಾಧ ಮಾಡಿತು, ಚರ್ಮ ಬದಲಾಯಿಸಲೇಬೇಕಾಯಿತು. ಈಗ ಆಡಿನ ಚರ್ಮದ ಘುಮಟ್ಟೇ ಮೇಳಗಳಲ್ಲಿ ಕಾಣುತ್ತದೆ, ಗೋವಾ ಸರ್ಕಾರ 2019ರಲ್ಲಿ ಅದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ನಾದ ಮೊದಲಿನಂತಿಲ್ಲ ಎಂದು ಹಿರಿಯರು ಹೇಳುತ್ತಾರೆ. ಹುಡುಗರು ಬಡಿಯುವುದನ್ನು ಬಿಟ್ಟಿಲ್ಲ. ಗುಮಟೆಗೆ ಬಿರಡೆ ಇಲ್ಲ. ಮಳೆಗಾಲದಲ್ಲಿ ಚರ್ಮ ಸಡಿಲಾದರೆ ಬೆಂಕಿಗೆ ತೋರಿಸಿ ಬಿಸಿ ಮಾಡಿ ಬಿಗಿ ತಂದುಕೊಳ್ಳುತ್ತಾರೆ.